ಕೇಂಬ್ರಿಜ್ಜಿನ ಒಂದು ಬೇಸಗೆ

೨೦೧೯ನೆಯ ಇಸವಿಯ ಬೇಸಗೆಯ ರಜೆಯಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ಬಹುಮಟ್ಟಿಗೆ ತಂತಮ್ಮ ಊರಿಗೆ ತೆರಳಿದ್ದರು. ದಾರಿಯ ವೆಚ್ಚಕ್ಕೆ ಹಣ ಸಾಲದೆ ನಾನೊಬ್ಬನೇ ವಿದ್ಯಾರ್ಥಿನಿಲಯದ ಮೇಲಂತಸ್ತಿನಲ್ಲಿ ಉಳಿದೆನು. ಚಳಿಗೆಂದೇ ಕಟ್ಟಿದ ಆ ಕೋಣೆಯಲ್ಲಿ ಪಂಖವಿಲ್ಲ. ಕಿಟಕಿಯೂ ಗೇಣಿಗಿಂತ ಹೆಚ್ಚು ತೆರೆಯದು. ಜುಲೈ ೨೫ರಂದು ಅಲ್ಲಿಯ ಸಸ್ಯೋದ್ಯಾನದಲ್ಲಿ ಉಷ್ಣಮಾನವು ೩೮.೭ ಡಿಗ್ರಿಗೇರಿತು, ಬ್ರಿಟನ್ನಿನಲ್ಲಿ ಅದುವರೆಗೆ ಅಷ್ಟು ಸೆಕೆ ದಾಖಲಾಗಿರಲಿಲ್ಲ. ರಾಯಚೂರಿನವನಿಗೆ ಇದೊಂದು ಬಿಸಿಲೇ ಎಂದು ವಾಚಕರು ನಗಬಹುದು. ನಿಜವೇ. ಆದರೆ ನಮ್ಮೂರಲ್ಲಿ ಅವ್ವ ಮಾಳಿಗೆಗೆ ನೀರು ಚಿಮುಕಿಸಿ ಹಾಸಿದರೆ, ಹತ್ತು ಮಂದಿ ಹರಟುತ್ತ ಮಲಗುತ್ತೇವೆ. ಇಲ್ಲಿಯಾದರೋ ನಾನು ಒಬ್ಬರೊಡನೆ ಮಾತನಾಡಿ ಮೂರು ದಿನಗಳಾಗಿದ್ದವು.

ಸಂಜೆ ಬಾಗಿಲು ಕಾಯುವ ಮುದುಕನು ಏದುತ್ತ ಮೆಟ್ಟಿಲು ಹತ್ತಿ, ಒಂದು ಪಾತ್ರೆ ಮಂಜುಗಡ್ಡೆ ತಂದಿಟ್ಟು, “ಕ್ಷೇಮವಷ್ಟೆ?” ಎಂದನು. ಉತ್ತರವೀಯಲು ಬಾಯಿ ತೆರೆದೆನು. ಬಂದ ಮಾತು ಕನ್ನಡವಾಗಿದ್ದಿತು.