ಕೆಂಪು ನಿಲುವಂಗಿಗೂ ಮುಂಚೆ

'ಗೇಮ್ ಆಫ್ ಥ್ರೋನ್ಸ್' ನೋಡಿದೋರಿಗೆ ಮೆಲಿಸಾಂಡ್ರೆ ಅಂದ್ರೆ ಸಾಕು. ಕೆಂಪು ನಿಲುವಂಗಿ, ಕತ್ತಲ್ಲಿ ಕೆಂಪು ಹರಳು, ಸುತ್ತ ಬೆಂಕಿ. ಆ ಪಾತ್ರ ಮಾಡಿದವರ ಹೆಸರು ಹೇಳಿ ನೋಡೋಣ?

ಕರೀಸ್ ವಾನ್ ಹೌಟನ್. 1976ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡರ್‌ಡಾರ್ಪ್‌ನಲ್ಲಿ ಹುಟ್ಟಿದವರು. ಆ ಸೀರೀಸ್‌ಗೆ ಬಂದಿದ್ದು 2012ರಲ್ಲಿ, ಎರಡನೇ ಸೀಸನ್‌ಗೆ. ಅಷ್ಟೊತ್ತಿಗಾಗ್ಲೇ ಅವರ ದೇಶದ ದೊಡ್ಡ ಸಿನಿಮಾ ಪ್ರಶಸ್ತಿ 'ಗೋಲ್ಡನ್ ಕಾಫ್', ಅಂದ್ರೆ ಚಿನ್ನದ ಕರು, ಅವರ ಮನೆಗೆ ಐದು ಸಲ ಬಂದಿತ್ತು. ಐದು! ನಮಗೆ ಮಾತ್ರ ಅವರು 'ಹೊಸ ಮುಖ'.

ಮೊದಲನೇ ಕರು 1999ರ ಟಿವಿ ಸಿನಿಮಾ 'ಸೂಜಿ ಕ್ಯೂ'ಗೆ. 2001ರ 'ಮಿನೂಸ್'ನಲ್ಲಿ ಬೆಕ್ಕು ಹೋಗಿ ಹೆಂಗಸಾದ ಪಾತ್ರ. ಮಕ್ಕಳ ಸಿನಿಮಾ ಅಂತ ಬಿಡಬೇಡಿ, ಅವರು ಕತ್ತು ತಿರುಗಿಸೋ ರೀತಿ ನೋಡಿದ್ರೆ ನಿಜವಾಗ್ಲೂ ಬೆಕ್ಕೇ.

ಆದ್ರೆ ನಾನು ಹೇಳಬೇಕು ಅಂದ್ಕೊಂಡಿದ್ದು 'ಬ್ಲ್ಯಾಕ್ ಬುಕ್' ಬಗ್ಗೆ. 2006, ನಿರ್ದೇಶಕ ಪಾಲ್ ವರ್ಹೂವನ್. ಎರಡನೇ ಮಹಾಯುದ್ಧದ ಕಾಲ. ರಾಖೆಲ್ ಸ್ಟೈನ್ ಅನ್ನೋ ಯಹೂದಿ ಗಾಯಕಿ. ತಪ್ಪಿಸಿಕೊಂಡು ಹೋಗುವಾಗ ಕಣ್ಣೆದುರೇ ಮನೆಯವರನ್ನೆಲ್ಲ ನಾಜಿಗಳು ಗುಂಡಿಟ್ಟು ಕೊಲ್ತಾರೆ. ಆಮೇಲೆ ಅವಳು ಕೂದಲಿಗೆ ಬಣ್ಣ ಹಾಕ್ಕೊಂಡು, ಹೆಸರು ಬದಲಾಯಿಸಿ, ಜರ್ಮನ್ ಅಧಿಕಾರಿಯೊಬ್ಬನ ಹತ್ರ ಗೂಢಚಾರಿಣಿಯಾಗಿ ಸೇರ್ತಾಳೆ. ಅವನನ್ನೇ ಪ್ರೀತಿಸ್ತಾಳೆ ಕೂಡ. ಇಲ್ಲಿವರೆಗೆ ಓಕೆ, ಥ್ರಿಲ್ಲರ್. ನಿಜವಾದ ಹೊಡೆತ ಇರೋದು ಯುದ್ಧ ಮುಗಿದ ಮೇಲೆ. ದೇಶ ಸ್ವತಂತ್ರ ಆಯ್ತು ಅಂತ ಕುಣೀತಿರೋ ಅವಳದೇ ಜನ ಅವಳನ್ನ ದ್ರೋಹಿ ಅಂತ ಹಿಡಿದು, ಮೈಮೇಲೆ ಮಲ ಸುರೀತಾರೆ. ಆ ದೃಶ್ಯದಲ್ಲಿ ಕರೀಸ್ ಮುಖ ನೋಡಿ. ನಾನು ಒಂದ್ಸಲ ನಿಲ್ಲಿಸಿ, ನೀರು ಕುಡಿದು, ಮತ್ತೆ ಹಾಕಿದೆ. ಅದರ ಹಾಡುಗಳನ್ನೂ ಅವರೇ ಹಾಡಿದ್ದಾರೆ. 2008ರಲ್ಲಿ ಡಚ್ ಪ್ರೇಕ್ಷಕರು ವೋಟ್ ಹಾಕಿ ಇದನ್ನೇ ತಮ್ಮ ದೇಶದ ಅತ್ಯುತ್ತಮ ಸಿನಿಮಾ ಅಂದ್ರು.

ಇಷ್ಟೆಲ್ಲ ಆದಮೇಲೂ 2019ರಲ್ಲಿ ಎಮ್ಮಿ ಪ್ರಶಸ್ತಿಗೆ ಚಾನೆಲ್ ಅವರ ಹೆಸರು ಕಳಿಸಲಿಲ್ಲ. ಅವರ ಕಡೆಯಿಂದಲೇ 225 ಡಾಲರ್ ಶುಲ್ಕ ಕಟ್ಟಿ ಎಂಟ್ರಿ ಹಾಕಿದ್ರು, ನಾಮನಿರ್ದೇಶನವೂ ಸಿಕ್ತು! ಗೆಲ್ಲಲಿಲ್ಲ, ಇರ್ಲಿ. ಬಿಕಾಂ ಓದೋಳಾಗಿ ಹೇಳ್ತೀನಿ, ಒಳ್ಳೇ ಹೂಡಿಕೆ.

2023ರ ಮೇನಲ್ಲಿ ಹೇಗ್ ನಗರದ ಹೆದ್ದಾರಿ ತಡೆದು, ಪೆಟ್ರೋಲ್-ಕಲ್ಲಿದ್ದಲಿನಂಥ ಇಂಧನಕ್ಕೆ ಸರ್ಕಾರ ಕೊಡೋ ಸಬ್ಸಿಡಿ ನಿಲ್ಲಿಸಿ ಅಂತ ಕೂತವರಲ್ಲಿ ಅವರೂ ಒಬ್ಬರು. ಪೊಲೀಸರು ಜಲಫಿರಂಗಿ ಬಿಟ್ರು, ಸಾವಿರಕ್ಕೂ ಹೆಚ್ಚು ಜನರನ್ನ ವಶಕ್ಕೆ ತಗೊಂಡ್ರು, ಅವರನ್ನೂ ಸೇರಿಸಿ.

ಶುರು ಮಾಡೋದಾದ್ರೆ 'ಬ್ಲ್ಯಾಕ್ ಬುಕ್'ನಿಂದಲೇ ಮಾಡಿ. ಡಚ್ ಬರಲ್ಲ ಅಂತೀರಾ? ಸಬ್‌ಟೈಟಲ್ ಹಾಕ್ಕೊಳ್ಳಿ. ಊಟ ಮಾಡ್ತಾ ಮಾತ್ರ ನೋಡಬೇಡಿ.