ಮೂರು ವರ್ಷಕ್ಕೆ ಬಂದವರು

ಕಾಲೇಜಿನಲ್ಲಿ ಕುಸ್ತಿ ಕಲಿಸುವವನ ಸಂಕಟ ಒಂದಿದೆ, ಅದನ್ನು ಊರ ಗರಡಿಯ ಉಸ್ತಾದರಿಗೆ ಹೇಳಿದರೂ ಪೂರ್ತಿ ತಿಳಿಯುವುದಿಲ್ಲ. ಅವರ ಹತ್ತಿರ ಹುಡುಗ ಎಂಟೊಂಬತ್ತು ವರ್ಷದವನಿದ್ದಾಗ ಬಂದು, ಅಲ್ಲೇ ಮೀಸೆ ಮೂಡಿಸಿಕೊಂಡು, ಮದುವೆಯಾಗಿ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮತ್ತೆ ಅದೇ ಬಾಗಿಲಿಗೆ ಬರುತ್ತಾನೆ. ನಮ್ಮ ಹತ್ತಿರ ಹದಿನೆಂಟಕ್ಕೆ ಬಂದವನು ಇಪ್ಪತ್ತೊಂದಕ್ಕೆ ಹೋಗಿಬಿಡುತ್ತಾನೆ. ಮೊದಲ ವರ್ಷ ಹಾಸ್ಟೆಲ್ಲಿನ ಅನ್ನ ಒಗ್ಗುವುದರಲ್ಲಿ ಕಳೆಯಿತು, ಎರಡನೆಯ ವರ್ಷ ಮೈ ಮಾತು ಕೇಳತೊಡಗಿತು, ಮೂರನೆಯ ವರ್ಷ ಇನ್ನೇನು ಪಟ್ಟು ಕೈಗೆ ಹತ್ತಿತು ಅನ್ನುವಾಗ ಹಾಲ್ ಟಿಕೆಟ್ಟಿಗೆ ಸಹಿ ಬೇಕು ಅಂತ ಬಂದು ನಿಂತಿರುತ್ತಾನೆ. ಧಾರವಾಡದ ಒಂದು ಮೈದಾನದ ಅಂಚಿನಲ್ಲಿ ನನ್ನ ನೌಕರಿಯೆಲ್ಲ ಹೀಗೆ ಬರಮಾಡಿಕೊಳ್ಳುವುದರಲ್ಲಿ, ಕಳಿಸಿಕೊಡುವುದರಲ್ಲಿ ಮುಗಿಯಿತು ನೋಡಿ.

ನಾನು ಸೇರಿದಾಗ ಮೈದಾನದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ, ಹಂಚು ಹೊದಿಸಿದ ಒಂದು ಗರಡಿ ಇತ್ತು. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು, ಬಾಗಿಲು ಅಷ್ಟು ಗಿಡ್ಡ. ಹೋದ ಕೂಡಲೇ ಮೂಗಿಗೆ ಬಡಿಯುತ್ತಿದ್ದ ವಾಸನೆಯನ್ನು ಹೇಗೆ ಹೇಳಲಿ, ಅರಿಸಿನ, ನಿಂಬೆಹಣ್ಣು, ಹುಳಿ ಮಜ್ಜಿಗೆ, ಎಣ್ಣೆ, ಮಂಗಳವಾರ ಹನುಮಪ್ಪನ ಮುಂದೆ ಹಚ್ಚಿದ ಕರ್ಪೂರ, ಇವೆಲ್ಲದರ ಮೇಲೆ ಹಳೆಯ ಬೆವರಿನ ಒಂದು ಪದರ. ಕೆಂಪು ಮಣ್ಣನ್ನು ಜರಡಿ ಹಿಡಿದು, ಒಂದು ಹರಳೂ ಉಳಿಯದಂತೆ ಆರಿಸಿ, ಆಮೇಲೆ ಇದನ್ನೆಲ್ಲ ಬೆರೆಸಿ ಕಲಸುತ್ತಿದ್ದೆವು. ಹೊತ್ತು ಮೂಡುವ ಮೊದಲು ಗುದ್ದಲಿ ಹಿಡಿದು ಆ ಮಣ್ಣನ್ನು ಬುಡಮೇಲು ಮಾಡುವುದು ಮೊದಲ ವರ್ಷದ ಹುಡುಗರ ಪಾಲಿನ ಕೆಲಸ, ಅದೇ ಅವರ ಮೊದಲ ಪಾಠವೂ ಹೌದು; ಭುಜ, ಸೊಂಟ, ಹಿಡಿತ ಮೂರೂ ಅದರಲ್ಲೇ ತಯಾರಾಗುತ್ತಿದ್ದವು. ಗುದ್ದಲಿ ನಿಂತ ಮೇಲೆ ನಾನು ಒಂದು ಹಿಡಿ ಮಣ್ಣೆತ್ತಿ ನೋಡುತ್ತಿದ್ದೆ. ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ಬೆರಳು ಸಡಿಲಿಸಿದರೆ ಉದುರಬೇಕು. ಉಂಡೆ ಹಾಗೇ ನಿಂತರೆ ನೀರು ಹೆಚ್ಚಾಯಿತು, ಮೊಣಕಾಲಿಗೆ ಕೇಡು; ಕಟ್ಟುವ ಮೊದಲೇ ಉದುರಿದರೆ ಧೂಳು, ಕಣ್ಣಿಗೆ ಕೇಡು. ಈಗಲೂ ಮೊದಲ ಮಳೆ ಬಿದ್ದಾಗ ಅಂಗಳದ ಮಣ್ಣನ್ನು ಹಿಡಿದು ನೋಡುತ್ತೇನೆ, ಕೈ ಸುಮ್ಮನಿರುವುದಿಲ್ಲ.

ಹೊಸದಾಗಿ ಬಂದ ಹುಡುಗರಿಗೆಲ್ಲ ಕೆಡವುವುದನ್ನು ಕಲಿಯುವ ಅವಸರ. ನಾವು ಕಲಿಸುತ್ತಿದ್ದದ್ದು ಬೀಳುವುದನ್ನು. ಗದ್ದ ಎದೆಗೆ ಒತ್ತಿರಬೇಕು, ತಲೆ ನೆಲಕ್ಕೆ ತಾಗಬಾರದು, ನೆಲ ಮುಟ್ಟುವ ಗಳಿಗೆಯಲ್ಲಿ ಉಸಿರು ಹೊರಗೆ ಹೋಗಿರಬೇಕು, ಕೈ ಊರಬಾರದು, ಊರಿದರೆ ಮಣಿಕಟ್ಟು ಹೋಯಿತು ಅಂತಲೇ ಲೆಕ್ಕ. ವಾರಗಟ್ಟಲೆ ಬರೀ ಬೀಳುವುದು, ಏಳುವುದು. ಬೇಸತ್ತು ಬಿಟ್ಟುಹೋದವರೂ ಇದ್ದರು. ಉಳಿದವರ ಕುತ್ತಿಗೆ ಎರಡನೆಯ ವರ್ಷಕ್ಕೆ ದಪ್ಪಗಾಗಿ, ಅಂಗಿಯ ಮೇಲಿನ ಗುಂಡಿ ಹಾಕಲು ಬರದಂತಾಗುತ್ತಿತ್ತು. ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ತುಂಬಿಕೊಂಡಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿಯಿಂದ ತೆಗೆಸುತ್ತಿದ್ದೆ. ಹುಡುಗರಿಗೆ ಅದು ಬೇಡ. ಕಿವಿ ಮುರಿದವನೇ ಖರೆ ಪೈಲ್ವಾನ ಅಂತ ಅವರ ನಂಬಿಕೆ. ಹೋಗುವಾಗ ಮುಖ ಬಾಡಿಸಿಕೊಂಡು ಹೋಗಿ, ಬರುವಾಗ ಬ್ಯಾಂಡೇಜು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಬರುತ್ತಿದ್ದರು.

ಕೋಚ್ ಅಂದರೆ ಸೀಟಿ ಊದುವವನು ಅಂತ ಜನ ತಿಳಿದಿರುತ್ತಾರೆ. ನನ್ನ ಅರ್ಧ ಆಯುಷ್ಯ ಹುಡುಗರ ಹೊಟ್ಟೆಯ ಚಿಂತೆಯಲ್ಲಿ ಹೋಗಿದೆ. ಬರುವವರೆಲ್ಲ ಒಕ್ಕಲುತನದ, ಕುರಿ ಕಾಯುವ, ಹಮಾಲಿಯ ಮನೆಗಳ ಮಕ್ಕಳು. ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬರುತ್ತಿತ್ತು, ಬಾದಾಮಿ ಎಲ್ಲಿಂದ ಬರಬೇಕು? ತಿಂಗಳ ಮೊದಲ ವಾರ ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಹಾಕಿ ಹಾಲಿನ ದುಡ್ಡು ಕೂಡಿಸುತ್ತಿದ್ದೆ. ಕೇಳಲು ಸಂಕೋಚವಾದಾಗ ನಾನು ಹೇಳುತ್ತಿದ್ದದ್ದು ಖಾಶಾಬಾ ಜಾಧವರ ಕಥೆ. ಕೊಲ್ಲಾಪುರ ನಮಗೆ ದೂರದ ಊರಲ್ಲ, ನಮ್ಮ ಕಡೆಯ ಎಷ್ಟೋ ಪೈಲ್ವಾನರು ಅಲ್ಲಿನ ತಾಲೀಮುಗಳಲ್ಲೇ ಮೈ ಬೆಳೆಸಿದವರು. ಆ ಊರಿನ ರಾಜಾರಾಮ್ ಕಾಲೇಜಿನಲ್ಲಿ ಓದಿದ ಹುಡುಗ ಜಾಧವ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವನಾದ; ಮಣ್ಣಿನಲ್ಲಿ ಬೆಳೆದವನಿಗೆ ಮ್ಯಾಟು ಹೊಸದು. ಮತ್ತೆ 1952ರಲ್ಲಿ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಆ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಹುಡುಗ ಕಂಚು ತಂದ, ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಇಷ್ಟು ಹೇಳಿದ ಮೇಲೆ ನಮ್ಮ ಗಣಿತದ ಮೇಷ್ಟ್ರು ಏನೂ ಮಾತಾಡದೆ ಜೇಬಿಗೆ ಕೈ ಹಾಕುತ್ತಿದ್ದರು. ರಾತ್ರಿ ನೆನೆಹಾಕಿದ ಬಾದಾಮಿಯನ್ನು ಬೆಳಿಗ್ಗೆ ಸಿಪ್ಪೆ ಸುಲಿದು ಕಲ್ಲಿನಲ್ಲಿ ಅರೆಯುವ ಸಪ್ಪಳ, ಆ ಹಾಲಿಗೆ ಬಿದ್ದ ಏಲಕ್ಕಿಯ ಘಮ, ಲೋಟ ತುದಿಯವರೆಗೆ ತುಂಬಿದಾಗ ಹುಡುಗರು ಮೂಕರಾಗಿ ನೋಡುತ್ತಿದ್ದ ರೀತಿ, ಪದಕಗಳಿಗಿಂತ ಹೆಚ್ಚಾಗಿ ನನಗೆ ನೆನಪಿರುವುದು ಇವೇ.

ತಿನ್ನಿಸುವುದು ಒಂದು ಸಂಕಟವಾದರೆ ತಿನ್ನಬೇಡ ಅನ್ನುವುದು ಇನ್ನೊಂದು. ಯೂನಿವರ್ಸಿಟಿ ಕುಸ್ತಿಯ ಹಿಂದಿನ ರಾತ್ರಿ 57 ಕೆ.ಜಿ.ಯ ಹುಡುಗ ಒಂದು ಕೆ.ಜಿ. ಮೇಲಿದ್ದಾನೆ ಅನ್ನಿ. ಎರಡು ಸ್ವೆಟರು ಹಾಕಿಕೊಂಡು ಓಡಬೇಕು, ಹಗ್ಗ ಜಿಗಿಯಬೇಕು, ನೀರು ಕುಡಿಯುವ ಹಾಗಿಲ್ಲ. ತುಟಿ ಒಡೆದು, ಕಣ್ಣು ಒಳಗೆ ಹೋಗಿ, ಗೋಡೆಗೆ ಒರಗಿ ಕೂತ ಹುಡುಗ, "ಸರ, ಒಂದು ಗುಟುಕು ಬಾಯಾಗ ಹಾಕ್ಕೊಂಡು ಉಗುಳ್ಳೇನ್ರಿ?" ಅಂತ ಕೇಳುತ್ತಾನೆ. ಹಾಕಿಕೋ ಅನ್ನುತ್ತೇವೆ, ಆದರೆ ಅವನ ಗಂಟಲನ್ನೇ ನೋಡುತ್ತ ನಿಂತಿರುತ್ತೇವೆ, ನುಂಗಿದನೋ ಏನೋ ಅಂತ. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿಯೂ ಬೆಳಗಿನ ತೂಕದಲ್ಲಿ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚಿದ್ದಾಳೆ ಅಂತ ಹೊರಗುಳಿದಳಲ್ಲ, ಆ ದಿನ ನನಗೆ ಊಟ ಸೇರಲಿಲ್ಲ. 100 ಗ್ರಾಂ ಅಂದರೆ ಅರ್ಧ ಲೋಟ ನೀರು. ನಿಯಮ ನಿಯಮವೇ, ತಕ್ಕಡಿಗೆ ಕರುಣೆ ಇರಬಾರದು, ಅದೂ ಸರಿ. ಆದರೆ ಆ ರಾತ್ರಿ ಆ ಹುಡುಗಿ ಪಟ್ಟಿರಬಹುದಾದ ದಾಹ ಏನು ಅಂತ ಹುಡುಗರ ಗಂಟಲು ಕಾದ ನಮಗೆ ಗೊತ್ತು.

ಗರಡಿ ಕೆಡವಿದ್ದು ಒಂದು ಬೇಸಿಗೆ ರಜೆಯಲ್ಲಿ. ಮ್ಯಾಟು ಬಂದು ಆಗಲೇ ಕೆಲವು ವರ್ಷವಾಗಿತ್ತು, ಸ್ಪರ್ಧೆಗಳೆಲ್ಲ ಮ್ಯಾಟಿನ ಮೇಲೆಯೇ, ಮಣ್ಣಿನ ಕಡೆ ಹೋಗುವವರು ಕಡಿಮೆಯಾಗಿದ್ದರು; ಜಾಗ ಬೈಕು ನಿಲ್ಲಿಸಲು ಬೇಕಾಯಿತು. ಹಂಚು ಇಳಿಸುವ ದಿನ ನಮ್ಮ ಹಳೆಯ ಉಸ್ತಾದರು ಟೆಂಪೋ ತಂದು ಎರಡು ಚೀಲ ಮಣ್ಣು ತುಂಬಿಕೊಂಡರು, ತಮ್ಮೂರ ಗರಡಿಯ ಮಣ್ಣಿಗೆ ಬೆರೆಸಲಿಕ್ಕೆ. ನಾನು ಚೀಲದ ಬಾಯಿ ಹಿಡಿದುಕೊಂಡೆ. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಮ್ಯಾಟಿನ ಕುಸ್ತಿಯೇ ಬೇರೆ. ಮಣ್ಣು ನಿಧಾನ, ಅದು ಕಾಲನ್ನು ಹಿಡಿದುಕೊಳ್ಳುತ್ತದೆ. ಇಬ್ಬರು ಅರ್ಧ ತಾಸು ಕುತ್ತಿಗೆಗೆ ಕೈ ಕೊಟ್ಟು ನಿಂತರೂ ಜನ ಕಾಯುತ್ತಿದ್ದರು, ಚಿತ್ ಆಗುವವರೆಗೂ ಹಲಗಿ ಬಾರಿಸುವವನು ಕೈ ಬಿಡುತ್ತಿರಲಿಲ್ಲ. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟಿನ ಲೆಕ್ಕ, ಫ್ರೀಸ್ಟೈಲಿನಲ್ಲಿ ಹತ್ತು ಪಾಯಿಂಟು ಮುಂದಾದರೆ ಅಲ್ಲಿಗೆ ಮುಗಿಯಿತು. ಮಣ್ಣಿನ ಹುಡುಗ ಎದ್ದು ನಿಲ್ಲುತ್ತಾನೆ, ಮ್ಯಾಟಿನವನು ಬಗ್ಗಿ ನಿಂತು ಕಾಲಿಗೇ ಬರುತ್ತಾನೆ. ಹಳ್ಳಿಯಿಂದ ಬಂದ ಎಷ್ಟು ಗಟ್ಟಿ ಹುಡುಗರು ಮೊದಲ ನಿಮಿಷದಲ್ಲೇ ಏನಾಯಿತು ಅಂತ ತಿಳಿಯದೆ ನನ್ನ ಮುಖ ನೋಡಿದ್ದಾರೆ. ಫಿನಾಯಿಲು, ರಬ್ಬರು ವಾಸನೆಯ ಆ ಹಾಲಿನಲ್ಲಿ ನನಗೆ ಬಹಳ ದಿನ ಉಸಿರು ಕಟ್ಟಿದಂತಾಗುತ್ತಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವ ಹಾಗಿರಲಿಲ್ಲ, ಮ್ಯಾಟಿಗೆ ಆ ಕಟ್ಟಳೆ ಇಲ್ಲ. ಹಳಿಯಾಳದ ಕಡೆಯಿಂದ, ಗದಗಿನ ಕಡೆಯಿಂದ ಬಂದ ಹುಡುಗಿಯರು ಜಡೆ ಬಿಗಿದು ಕಟ್ಟಿ ಅದರ ಮೇಲೆ ನಿಂತಾಗ, ಮೊದಲ ದಿನವೇ ಬಿದ್ದು ಎದ್ದು ಮತ್ತೆ ಕೈ ಚಾಚಿದಾಗ, ಹಂಚು ಇಳಿದ ನೋವು ಅರ್ಧ ಇಳಿಯಿತು. ಮಣ್ಣು ವಾಪಸು ಕೊಡುತ್ತೇವೆ, ಈ ಹುಡುಗಿಯರನ್ನು ಮನೆಗೆ ಕಳಿಸು ಅಂದರೆ ನಾನು ಒಪ್ಪುವವನಲ್ಲ.

ನನ್ನ ಹುಡುಗರು ಈಗ ಪೊಲೀಸರಾಗಿದ್ದಾರೆ, ಮಿಲಿಟರಿಯಲ್ಲಿದ್ದಾರೆ, ಬಸ್ಸಿನ ಕಂಡಕ್ಟರಾಗಿ ನನ್ನ ಹತ್ತಿರ ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳದೆ ಜಗಳ ಮಾಡುತ್ತಾರೆ. ಎಲ್ಲರಿಗಿಂತ ಹೆಚ್ಚು ನೆನಪಾಗುವವನು ಮಾತ್ರ ಡಿಗ್ರಿ ಮುಗಿಸದವನು. ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ, ಹೊಲ ನೋಡುವವರಿಲ್ಲ. ಹದಿನೈದು ದಿನ ಬಿಟ್ಟು ಕಾಲೇಜಿನ ಟ್ರ್ಯಾಕ್ ಸೂಟನ್ನು ಒಗೆದು, ಇಸ್ತ್ರಿ ಹಾಕಿ, ಮಡಚಿ ತಂದುಕೊಟ್ಟ. ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದ, ಆ ತಿಂಗಳ ಅವನ ಪಾಲಿನ ಬಾದಾಮಿ. "ಇವು ಹಂಗ ಉಳದಾವ್ರಿ ಸರ. ಸಣ್ಣಾವಗ ಕೊಡ್ರಿ," ಅಂದ. ಸಣ್ಣಾವ ಅಂದರೆ ಆ ವರ್ಷ ಹೊಸದಾಗಿ ಸೇರಿದ, ಇವನೇ ಬೀಳುವುದು ಕಲಿಸುತ್ತಿದ್ದ ಹುಡುಗ. ಪದಕ ಗೆದ್ದವರ ಫೋಟೋಗಳು ಕಾಲೇಜಿನ ಗೋಡೆಯ ಮೇಲಿವೆ. ಇವನ ಫೋಟೋ ಎಲ್ಲೂ ಇಲ್ಲ, ಅದಕ್ಕೇ ಇಲ್ಲಿ ಬರೆದೆ.

ಇನ್ನೂ ನಮ್ಮ ಕಡೆಯ ಜಾತ್ರೆಗಳಲ್ಲಿ ಮಣ್ಣಿನ ಕುಸ್ತಿ ನಡೆಯುತ್ತದೆ, ದಸರೆಯಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ಹತ್ತಿರವೂ ನಡೆಯುತ್ತದೆ. ನೀವು ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಗೆದ್ದವನು ಸುತ್ತು ಹಾಕಿ ಬಂದಾಗ ಜನ ತಾವಾಗಿಯೇ ನೋಟು ಕೊಡುತ್ತಾರೆ, ಅವನಿಗೆ ಕೊರತೆಯಾಗದು. ಸೋತ ಹುಡುಗ ಮೈಗೆ ಹತ್ತಿದ ಮಣ್ಣು ಕೊಡವಿಕೊಳ್ಳುತ್ತ ನಿಮ್ಮ ಪಕ್ಕದಿಂದಲೇ ಹಾದು ಹೋಗುತ್ತಾನೆ. ಅವನನ್ನು ಕರೆದು ಅವನ ಕೈಗೂ ಏನಾದರೂ ಕೊಡಿ. ನಾಳೆ ಬೆಳಿಗ್ಗೆ ಅವನಿಗೂ ಹಾಲು ಬೇಕು.