ಹತ್ತಿದ ಗೇರಿನಲ್ಲೇ ಇಳಿ

ಮೂರು ಪೆಡಲ್ಲಿನ ಪಿಕಪ್ ಬೇಕು ಎಂದು ಅಮೆರಿಕದಲ್ಲಿ ಹುಡುಕಲು ಹೊರಟವನಿಗೆ ಶೋರೂಮುಗಳಲ್ಲಿ ಎರಡು ಥರದ ಉಪಚಾರ ಸಿಗುತ್ತದೆ. ಎದುರಿಗಿರುವವನು ವಯಸ್ಸಾದವನಾದರೆ ಕುರ್ಚಿ ಎಳೆದು ಕೂರಿಸಿ, ತಾನು ಹದಿನಾರರಲ್ಲಿ ಓಡಿಸಿದ ಗಾಡಿಯ ಕಥೆ ಶುರುಮಾಡುತ್ತಾನೆ. ಹುಡುಗನಾದರೆ ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿ, ಅಂಥದ್ದು ಈಗ ತಯಾರಾಗುವುದೇ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ದೊಡ್ಡ ಪಿಕಪ್ಪುಗಳ ಮಟ್ಟಿಗೆ ಹುಡುಗ ಹೇಳುವುದೇ ಸರಿ. ದೊಡ್ಡ ಭಾರ ಎಳೆಯುವ ಪಿಕಪ್ಪುಗಳಲ್ಲಿ ಷೆವರ್ಲೆಯವರು 2006ರ ಹೊತ್ತಿಗೆ, ಫೋರ್ಡ್‌ನವರು 2010ರ ಮಾದರಿಯೊಂದಿಗೆ ಗೇರ್ ರಾಡಿಗೆ ಕೈಮುಗಿದರು. ಕೊನೆಯವರೆಗೂ ಬಿಡದೆ ಹಿಡಿದುಕೊಂಡಿದ್ದವರು ರ‍್ಯಾಮ್‌ನವರು. 2018ರ ಮಾದರಿಗೆ ಅವರದೂ ಮುಗಿಯಿತು. ಅಂದಮೇಲೆ ನನ್ನಂಥವನಿಗೆ ಉಳಿದಿರುವುದು ಹಳೇ ಗಾಡಿ ಮಾತ್ರ.

ನನಗೇಕೆ ಪಿಕಪ್ ಎಂದರೆ, ನಿವೃತ್ತಿಯಾದ ಮೇಲೆ ದೇಶ ಸುತ್ತುವ ಹಂಬಲ ನನ್ನ ಹೆಂಡತಿಗೆ ಹುಟ್ಟಿತು. ಹೋಟೆಲಿನ ಹಾಸಿಗೆ ಅವಳಿಗೆ ಆಗದು, ಹೋಟೆಲಿನ ಕಾಫಿಯಂತೂ ಆಗಲೇ ಆಗದು. ಹಾಗಾಗಿ ಮಂಚ, ಬಚ್ಚಲು, ಒಲೆ, ಫಿಲ್ಟರ್ ಇಡುವ ಕಟ್ಟೆ ಸಮೇತ ಒಂದು ಟ್ರೇಲರ್ ಮನೆಯನ್ನು ಗೊತ್ತುಮಾಡಿಟ್ಟಿದ್ದಾಳೆ. ಸಾಮಾನು, ನೀರು ತುಂಬಿದರೆ ತೂಕ 12,000 ಪೌಂಡ್, ಎಂದರೆ ಸುಮಾರು ಐದೂವರೆ ಟನ್. ಅದರ ಮೂತಿಯನ್ನು ಪಿಕಪ್ಪಿನ ಬೆನ್ನ ಮೇಲೆ ಕೂರಿಸಿ ಎಳೆಯಬೇಕು. ನಾವಿರುವುದು ಡೆನ್ವರಿನ ಹತ್ತಿರ. ಪಡುವಣಕ್ಕೆ ಮುಖ ಮಾಡಿದರೆ ರಾಕಿ ಪರ್ವತ. ಯಾವ ದಿಕ್ಕಿಗೆ ಹೋಗಲಿ ಎಂದರೂ ಅವಳಿಗೆ ಬೇಕಾದದ್ದೆಲ್ಲ ಆ ಬೆಟ್ಟಗಳ ಆಚೆಗೇ ಇದೆ.

ಭಾರ, ಘಾಟಿ, ಗೇರು ಈ ಮೂರೂ ಒಟ್ಟಿಗೆ ಕಿವಿಗೆ ಬಿದ್ದರೆ ನನಗೆ ದೊಡ್ಡಪ್ಪನ ನೆನಪು. ತೀರ್ಥಹಳ್ಳಿ ಕಡೆ ಅವರ ಅಡಿಕೆ ತೋಟ. ಅಂಗಳದಲ್ಲೊಂದು ಮಹೀಂದ್ರ ಜೀಪು. ಮಹೀಂದ್ರದವರು 1947ರಿಂದ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದ ಅಮೆರಿಕದ ವಿಲ್ಲೀಸ್ ಜೀಪಿನ ಸಂತಾನ ಅದು. ನೆಲದಿಂದ ಎದ್ದ ಮೂರು ರಾಡುಗಳಲ್ಲಿ ಒಂದು ಗೇರಿಗೆ, ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡಲು, ಇನ್ನೊಂದು ಕೆಸರಲ್ಲಿ ಸಿಕ್ಕಿಕೊಂಡಾಗಿನ ಕಡಿಮೆ ಗೇರಿಗೆ. ಮುಖ್ಯ ಗೇರುಗಳು ಮೂರೇ. ಎರಡಕ್ಕೆ, ಮೂರಕ್ಕೆ ಸುಮ್ಮನೆ ಬೀಳುತ್ತಿತ್ತು. ಓಡುವ ಗಾಡಿಯನ್ನು ಒಂದಕ್ಕೆ ಇಳಿಸುವುದಕ್ಕೆ ಮಾತ್ರ ವಿದ್ಯೆ ಬೇಕಿತ್ತು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು, ಎಂಜಿನ್ನಿಗೆ ಒಂದು ಗುಕ್ಕು ಕೊಟ್ಟು ಅದರ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಒಂದಕ್ಕೆ ತಳ್ಳಬೇಕು; ಡಬಲ್ ಕ್ಲಚ್ ಎಂದರೆ ಇದೇ. ಒಳಗೆ ತಿರುಗುವ ಎರಡು ಹಲ್ಲುಚಕ್ರಗಳ ವೇಗ ಸಮವಾದ ಆ ಗಳಿಗೆಯನ್ನು ಅಂಗಾಲಿನಲ್ಲೇ ಹಿಡಿಯಬೇಕು. ತಪ್ಪಿದರೆ ಕರಕರ ಸದ್ದು ಪಕ್ಕದ ತೋಟಕ್ಕೂ ಕೇಳುತ್ತಿತ್ತು. ದೊಡ್ಡಪ್ಪನ ಕಾಲಿಗೆ ಅದು ತಪ್ಪಿದ್ದನ್ನು ನಾನು ಕಾಣೆ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಹತ್ತಿದ ಗೇರಲ್ಲೇ ಇಳೀಬೇಕು ಕಣೋ.” ಘಾಟಿಯ ಡ್ರೈವರುಗಳಿಗೆಲ್ಲ ಗೊತ್ತಿದ್ದ ಕಟ್ಟಳೆ ಇದು. ಹತ್ತುವಾಗ ಎರಡನೇ ಗೇರು ಬೇಕಾದ ಕಡೆ ಇಳಿಯುವಾಗಲೂ ಎರಡೇ. ಎಂಜಿನ್ನು ಗಾಡಿಯನ್ನು ಹಿಡಿದುಕೊಂಡಿರುತ್ತದೆ, ಬ್ರೇಕಿನ ಲೈನಿಂಗು ಕಾಯುವುದಿಲ್ಲ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಹಾಕಿಕೊಂಡು ಇಳಿಯುವವರನ್ನು ಕಂಡರೆ ದೊಡ್ಡಪ್ಪ ಉಗಿಯುತ್ತಿದ್ದರು, ಅಕ್ಷರಶಃ, ಕವಳದ ಸಮೇತ.

ಮಾರುತಿ 800 ನಮ್ಮ ಕಡೆಗೂ ಬಂದಾಗ ನೆಂಟರೊಬ್ಬರು ಹೆಮ್ಮೆಯಿಂದ ತಂದು ತೋರಿಸಿದರು. ದೊಡ್ಡಪ್ಪ ಅಂಗಳದಲ್ಲಿ ಒಂದು ಸುತ್ತು ಹಾಕಿಸಿ ಇಳಿದರು. ಯಾವ ಗೇರಿಗೂ ಡಬಲ್ ಕ್ಲಚ್ ಬೇಡವಂತೆ. “ಇದನ್ನ ಓಡಿಸೋದೇನು ಬಂತು? ಕೂತ್ಕೊಳ್ಳೋದಷ್ಟೇ” ಅಂದುಬಿಟ್ಟರು. ಇವತ್ತು ನಾನು ಆಟೊಮ್ಯಾಟಿಕ್ ಬಗ್ಗೆ ಆಡುವ ಮಾತೂ ಹೆಚ್ಚುಕಡಿಮೆ ಇದೇ. ನನ್ನ ಕೈಗೇರಿನ ಹಟದ ಮೇಲೆ ನನಗೇ ಅನುಮಾನ ಶುರುವಾದದ್ದು ಅಲ್ಲಿಂದ.

ಹಿಂದಕ್ಕೆ ಹೋದಷ್ಟೂ ಈ ಅನುಮಾನ ಬಲಿಯುತ್ತದೆ. ಫ್ರಾನ್ಸಿನ ಪನಾರ್ ಮತ್ತು ಲೆವಾಸೊರ್ ಕಂಪನಿ 1890ರ ದಶಕದ ಮೊದಲಿಗೆ ಹಲ್ಲುಚಕ್ರಗಳನ್ನು ಜಾರಿಸಿ ಒಂದಕ್ಕೊಂದು ಕಚ್ಚಿಸುವ ಗೇರ್ ಬಾಕ್ಸ್ ತಂದಿತು. ಈ ಏರ್ಪಾಡು ಒರಟು, ಆದರೂ ಕೆಲಸ ಮಾಡುತ್ತದೆ ಎಂದು ಅದನ್ನು ಮಾಡಿದವರೇ ಒಪ್ಪಿಕೊಂಡಿದ್ದರೆಂದು ಪ್ರತೀತಿ. ಆ ಒರಟುತನಕ್ಕೆ ಹೆದರಿಯೋ ಏನೋ, ಹೆನ್ರಿ ಫೋರ್ಡ್ 1908ರ ತನ್ನ ಮಾಡೆಲ್ ಟಿ ಕಾರಿಗೆ ಬೇರೆ ದಾರಿ ಹಿಡಿದ. ಅದರಲ್ಲೂ ಮೂರು ಪೆಡಲ್ ಇದ್ದವು, ಆದರೆ ಅರ್ಥವೇ ಬೇರೆ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಕೆಳಗಿನ ಗೇರು, ಬಿಟ್ಟರೆ ಮೇಲಿನದು, ನಡುವೆ ನಿಲ್ಲಿಸಿದರೆ ನ್ಯೂಟ್ರಲ್. ನಡುವಿನ ಪೆಡಲ್ ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ. ಆಕ್ಸಿಲರೇಟರು ಕಾಲಿಗಲ್ಲ, ಸ್ಟೇರಿಂಗಿನ ಕೆಳಗೆ ಕೈಗೆ. ಒಳಗಿದ್ದದ್ದು ಒಂದು ನಡುಚಕ್ರವನ್ನು ಸುತ್ತುವ ಪುಟ್ಟ ಚಕ್ರಗಳ ಏರ್ಪಾಟು, ಗ್ರಹಗಳ ಮಾದರಿಯ ಗೇರು. ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ಇರುವುದರಿಂದ ಕರಕರ ಇಲ್ಲ. ಇವತ್ತಿನ ಆಟೊಮ್ಯಾಟಿಕ್ ಪೆಟ್ಟಿಗೆಗಳನ್ನು ಬಿಚ್ಚಿದರೂ ಹೊಟ್ಟೆಯಲ್ಲಿರುವುದು ಬಹುಪಾಲು ಇದೇ.

ಕಾರ್ಖಾನೆಯಿಂದಲೇ ಪಿಕಪ್ ಎಂದು ಹೊರಬಂದ ಫೋರ್ಡ್‌ನ ಮೊದಲ ಗಾಡಿ 1925ರದು, ಬೆಲೆ 281 ಡಾಲರ್. ಮಾಡೆಲ್ ಟಿಗೇ ಹಿಂದೆ ಒಂದು ತೊಟ್ಟಿ ಕೂರಿಸಿದ್ದರು. ಎಂದರೆ ಪಿಕಪ್ಪಿನ ವಂಶದ ಮೂಲಪುರುಷನ ಹತ್ತಿರವೇ ನಾನು ಹುಡುಕುತ್ತಿರುವ ಗೇರ್ ರಾಡ್ ಇರಲಿಲ್ಲ! ಗಂಡಸಿನ ಗಾಡಿಗೆ ಗೇರ್ ರಾಡೇ ಭೂಷಣ ಎಂದು ಟೆಕ್ಸಸ್ಸಿನಲ್ಲಿ ಎದೆ ತಟ್ಟಿಕೊಳ್ಳುವವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ಮನುಷ್ಯ ಅರ್ಲ್ ಥಾಂಪ್ಸನ್. ದೊಡ್ಡಪ್ಪನ ಅಂಗಾಲಿನ ವಿದ್ಯೆಯನ್ನು ಕಸಿದುಕೊಂಡವನು ಅವನೇ. ಹಲ್ಲುಗಳು ಕಚ್ಚುವ ಮೊದಲೇ ಒಂದು ಶಂಕುವಿನಾಕಾರದ ಬಳೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುವ ಸಿಂಕ್ರೋಮೆಶ್ ಅವನ ಬುದ್ಧಿಯದು. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಕೈಗೇರನ್ನು ಇಷ್ಟು ನಯಗೊಳಿಸಿದವನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಇಲ್ಲ, ಅದೇ ಜನರಲ್ ಮೋಟರ್ಸ್‌ನಲ್ಲಿ ಕೈಗೇರೇ ಬೇಡವಾಗಿಸುವ ತಂಡದ ಮುಂದಾಳಾದ. ಆ ತಂಡದ ಹೈಡ್ರಮ್ಯಾಟಿಕ್ 1940ರ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಮಾರಾಟಕ್ಕೆ ಬಂತು. ಎಂಜಿನ್ನನ್ನೂ ಗೇರನ್ನೂ ಜೋಡಿಸಲು ಅದರಲ್ಲಿ ಕ್ಲಚ್ ಪೆಡಲ್ಲಿನ ಬದಲು ಎಣ್ಣೆಯ ಹಿಡಿತ. ಒಂದು ಫ್ಯಾನು ಹಚ್ಚಿ ಅದರೆದುರು ಇನ್ನೊಂದನ್ನು ಇಟ್ಟರೆ ಗಾಳಿಗೆ ಎರಡನೆಯದೂ ತಿರುಗುತ್ತದಲ್ಲ, ಗಾಳಿಯ ಜಾಗದಲ್ಲಿ ಎಣ್ಣೆ ಇದ್ದರೆ ಅದೇ. ಈ ಯೋಚನೆ ಕಾರಿನವರದಲ್ಲ, ಹಡಗಿನವರದು. ಜರ್ಮನಿಯ ಹರ್ಮನ್ ಫಟಿಂಗರ್ 1905ರಲ್ಲಿ ಹಡಗಿನ ಟರ್ಬೈನಿಗೂ ನೀರು ತಳ್ಳುವ ರೆಕ್ಕೆಗೂ ನಡುವೆ ಹಾಕಲು ಇದನ್ನು ಪೇಟೆಂಟ್ ಮಾಡಿಸಿದ್ದ.

ಎಣ್ಣೆಯಲ್ಲಿ ತೇಲುವ ಗೇರು ಸುಕುಮಾರರ ಗಾಡಿಗೆ ಸರಿ, ಭಾರಕ್ಕಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಟ್ಯಾಂಕು ಎರಡು ಕ್ಯಾಡಿಲಾಕ್ ಎಂಜಿನ್ನು, ಎರಡು ಹೈಡ್ರಮ್ಯಾಟಿಕ್ ಇಟ್ಟುಕೊಂಡೇ ಓಡಿತ್ತು. 1954ರಲ್ಲಿ ಷೆವರ್ಲೆ ಪಿಕಪ್ಪಿಗೂ ಅದು ಬಂತು. ಆದರೂ ರೈತ ನಂಬಲಿಲ್ಲ. ಅವನ ಅಪನಂಬಿಕೆಗೆ ಕಾರಣವೂ ಇತ್ತು. 1989ರಲ್ಲಿ ಡಾಡ್ಜ್‌ನವರು ತಮ್ಮ ರ‍್ಯಾಮ್ ಪಿಕಪ್ಪಿಗೆ ಮೊದಲ ಬಾರಿಗೆ 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್ ಹಾಕಿದಾಗ ಕೈಗೇರಿನಲ್ಲಿ ಐದು ಗೇರು, ಆಟೊಮ್ಯಾಟಿಕ್‌ನಲ್ಲಿ ಮೂರೇ. ಎಣ್ಣೆ ಜಾರಿದಷ್ಟೂ ಡೀಸೆಲ್ ಖರ್ಚು, ಬಿಸಿ ಬೇರೆ. ಆಗ ನನ್ನನ್ನು ಕೇಳಿದ್ದರೆ ನಾನೂ ಐದನ್ನೇ ಆರಿಸುತ್ತಿದ್ದೆ.

(ಈ ಕಮಿನ್ಸ್ ಎಂಬ ಹೆಸರು ನನಗೆ ಪಂಪುಸೆಟ್ಟಿನ ಕಾಲದಿಂದ ಗೊತ್ತು, ಕಿರ್ಲೋಸ್ಕರ್ ಪಕ್ಕದಲ್ಲಿ ಬರುತ್ತಿದ್ದ ಹೆಸರಾಗಿ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಹುಟ್ಟಿತು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇದನ್ನು ಇಲ್ಲಿನ ಸೇಲ್ಸ್‌ಮನ್ನರಿಗೆಲ್ಲ ಹೇಳಿ ನೋಡಿದ್ದೇನೆ, ಬೆಲೆ ಒಂದು ಡಾಲರೂ ಇಳಿದಿಲ್ಲ.)

ಆಟ ತಿರುಗಿದ್ದು 2001ರಿಂದ ಈಚೆಗೆ. ಬಸ್ಸು, ಅಗ್ನಿಶಾಮಕ ಗಾಡಿಗಳಿಗೆ ಗೇರ್ ಬಾಕ್ಸ್ ಮಾಡಿ ಹೆಸರಾದ ಅಲಿಸನ್‌ನವರ ಆಟೊಮ್ಯಾಟಿಕ್ ಆ ವರ್ಷ ಷೆವರ್ಲೆಯ ಡೀಸೆಲ್ ಪಿಕಪ್ಪಿಗೆ ಬಂತು. ಆಮೇಲಿನ ಲೆಕ್ಕ ಕೇಳಿ. 2018ರ ರ‍್ಯಾಮ್ 3500, ಅದೇ ಕಮಿನ್ಸ್ ಬೆಳೆದು 6.7 ಲೀಟರ್ ಆಗಿತ್ತು. ಕೈಗೇರು ಆರಿಸಿಕೊಂಡರೆ ಎಂಜಿನ್ನಿನ ಟಾರ್ಕ್, ಎಂದರೆ ತಿರುಗಿಸುವ ಬಲ, 660 ಪೌಂಡ್-ಅಡಿ. ಬಲವಾದ ಆಟೊಮ್ಯಾಟಿಕ್ ಆರಿಸಿಕೊಂಡರೆ 930. ಎಂಜಿನ್ನು ಒಂದೇ! ಗಂಡೆದೆಯ ಗೇರು ಎಂದು ಕೊಂಡವನಿಗೆ ಕಂಪನಿಯವರೇ ಎಂಜಿನ್ನಿನ ಕೈ ಕಟ್ಟಿ ಕೊಡುತ್ತಿದ್ದರು. ಕ್ಲಚ್ ಪ್ಲೇಟು ಜಾರದೆ ಅಷ್ಟು ಟಾರ್ಕ್ ಹಿಡಿಯಬೇಕಾದರೆ ಅದನ್ನು ಇನ್ನೂ ಬಿಗಿಯಾಗಿ ಒತ್ತಿಹಿಡಿಯುವ ಸ್ಪ್ರಿಂಗು ಬೇಕು, ಸ್ಪ್ರಿಂಗು ಬಿಗಿಯಾದರೆ ಪೆಡಲ್ ಒತ್ತಲು ಪೈಲ್ವಾನನ ಕಾಲು ಬೇಕು. ಕೈಗೇರಿನ ಪೆಟ್ಟಿಗೆ ತಡೆಯುವ ಭಾರಕ್ಕೂ ಮಿತಿ ಇತ್ತು. ಕೊಳ್ಳುವವರು ಬೆರಳೆಣಿಕೆಯಾದ ಮೇಲೆ ಇನ್ನೂ ಗಟ್ಟಿಯಾದದ್ದನ್ನು ಯಾರು ಮಾಡಿಸುತ್ತಾರೆ? ಮರುವರ್ಷ ಹೊಸ ಮಾದರಿಯಲ್ಲಿ ಟಾರ್ಕ್ 1,000 ಮುಟ್ಟಿತು, ಗೇರ್ ರಾಡ್ ಹೋಯಿತು.

ಡಬಲ್ ಕ್ಲಚ್ ಇನ್ನೂ ಉಳಿದಿರುವುದು ದೈತ್ಯ ಲಾರಿಗಳಲ್ಲಿ. ಈಟನ್ ಫುಲ್ಲರ್ ಗೇರ್ ಬಾಕ್ಸಿನಲ್ಲಿ ಹತ್ತು, ಹದಿಮೂರು, ಹದಿನೆಂಟು ಗೇರುಗಳು, ಸಿಂಕ್ರೋಮೆಶ್ ಇಲ್ಲ. ಅಲ್ಲೂ ಆಟೊಮ್ಯಾಟಿಕ್ ನುಗ್ಗಿದೆ. ಆಟೊಮ್ಯಾಟಿಕ್ ಲಾರಿಯಲ್ಲಿ ಪರೀಕ್ಷೆ ಕೊಟ್ಟವನ ಲೈಸೆನ್ಸಿನ ಮೇಲೆ, ಇವನು ಕೈಗೇರು ಓಡಿಸುವಂತಿಲ್ಲ ಎಂದು ಒಂದು ಅಕ್ಷರ ಬೀಳುತ್ತದೆ. ದೊಡ್ಡಪ್ಪ ಇದ್ದಿದ್ದರೆ ಆ ಅಕ್ಷರಕ್ಕೆ ಕುಣಿದಾಡುತ್ತಿದ್ದರು.

ಇಷ್ಟೆಲ್ಲ ತಿಳಿದ ಮೇಲೂ ಪೂರ್ವದ ಬಯಲಿನಲ್ಲಿ ರೈತನೊಬ್ಬ ಕೈಗೇರಿನ ರ‍್ಯಾಮ್ ಮಾರುತ್ತಿದ್ದಾನೆ ಎಂದು ಗೊತ್ತಾದಾಗ ಹೋಗದಿರಲು ಆಗಲಿಲ್ಲ. ಒಣಹುಲ್ಲು ತುಂಬಿದ ಟ್ರೇಲರನ್ನೂ ಕಟ್ಟಿ ನಿಲ್ಲಿಸಿದ್ದ ಪುಣ್ಯಾತ್ಮ. ಮೊದಲು ನಾನು ಓಡಿಸಿದೆ. ರಾಡಿನ ಗುಬಟು ಅಂಗೈ ತುಂಬುವ ಸುಖ, ಎಂಜಿನ್ನಿನ ನಡುಕ ಮೊಣಕೈವರೆಗೆ ಏರುವ ಸುಖ, ಇವನ್ನು ಟಾರ್ಕಿನ ಅಂಕಿಯಲ್ಲಿ ಅಳೆಯಲಾಗದು. ಆಮೇಲೆ ನನ್ನ ಹೆಂಡತಿ ಕೂತಳು. ಮೈಸೂರಿನಲ್ಲಿ ಅವಳಪ್ಪ ಚಾಮುಂಡಿ ಬೆಟ್ಟದ ಏರಿನಲ್ಲಿ ಕಾರು ನಿಲ್ಲಿಸಿ, ಒಂದಂಗುಲವೂ ಹಿಂದೆ ಜಾರದಂತೆ ಹೊರಡಿಸು ಎಂದು ಕಲಿಸಿದವರು. ಮೊದಲ ಗೇರು ಬರೀ ಎಳೆತದ್ದು, ಖಾಲಿ ಗಾಡಿಗೆ ಎರಡರಲ್ಲೇ ಹೊರಡಬೇಕು ಎಂದು ರೈತ ವಿವರಿಸುತ್ತಿದ್ದರೆ ಇವಳು ಹಿಂದಿನ ಹುಲ್ಲನ್ನು ಕನ್ನಡಿಯಲ್ಲಿ ನೋಡಿ ಒಂದರಲ್ಲೇ ಹೊರಡಿಸಿದಳು. ಮೂರು, ನಾಲ್ಕು, ಐದು, ಎಲ್ಲೂ ಒಂದು ಜರ್ಕಿಲ್ಲ. ಮಗನಿಗೇ ಕ್ಲಚ್ ಗೊತ್ತಿಲ್ಲ ಎಂದು ರೈತ ಹಲುಬಿದ. ಕಾರು ಕದಿಯಲು ಬಂದವರು ಮೂರನೇ ಪೆಡಲ್ ನೋಡಿ ಬಿಟ್ಟು ಓಡಿದ ಸುದ್ದಿಗಳು ಇಲ್ಲಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ, ಅದನ್ನೂ ಹೇಳಿ ನಕ್ಕ. ಇನ್ನೇನು ಇವಳು ಒಪ್ಪಿದಳು ಎಂದುಕೊಂಡೆ.

ಆದರೆ ಕನ್ನಡ ಕೂಟದ ಗೆಳೆಯರೊಬ್ಬರ ಹತ್ತಿರ ಆಟೊಮ್ಯಾಟಿಕ್ ಇತ್ತು, ಅದರ ಹಿಂದೆ ನಮ್ಮದರಷ್ಟೇ ತೂಕದ ಟ್ರೇಲರ್ ಮನೆಯೂ ಇತ್ತು. ಬನ್ನಿ, ಬೆಟ್ಟ ಹತ್ತಿಸಿ ನೋಡಿ ಅಂದರು. ಡೆನ್ವರಿನಿಂದ ಪಡುವಣಕ್ಕೆ ಏರುವ ಹೆದ್ದಾರಿ ಐಸನ್‌ಹವರ್ ಸುರಂಗದಲ್ಲಿ ಪರ್ವತದ ಬೆನ್ನನ್ನು ದಾಟುತ್ತದೆ. 1973ರಲ್ಲಿ ತೆರೆದ ಆ ಸುರಂಗ ಇರುವುದು 11,000 ಅಡಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿ 6,300 ಚಿಲ್ಲರೆ. ಆಚೆ ಬದಿಯ ಇಳಿಜಾರು ನೂರಕ್ಕೆ ಏಳರಂತೆ ಮೈಲಿಗಟ್ಟಲೆ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಸಡಿಲ ಜಲ್ಲಿಯ ಏರುದಾರಿ ಮಾಡಿಟ್ಟಿದ್ದಾರೆ. ಅದನ್ನು ನೋಡಿದರೇ ಕಾಲು ಬ್ರೇಕಿನ ಮೇಲೆ ಹೋಗುತ್ತದೆ.

ಸ್ಟೇರಿಂಗಿನಲ್ಲಿ ಇವಳಿದ್ದಳು. ಗೆಳೆಯರು ಎರಡು ಗುಂಡಿ ಒತ್ತಿಸಿದ್ದರು, ಒಂದು ಭಾರ ಎಳೆಯುವ ಲೆಕ್ಕಕ್ಕೆ ಗೇರು ಬದಲಿಸಲು, ಇನ್ನೊಂದು ಹೊಗೆಯ ದಾರಿ ಬಿಗಿದು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕಿಗೆ. ಸುರಂಗ ದಾಟಿ ಗಾಡಿ ವೇಗ ಹಿಡಿಯತೊಡಗಿದ್ದೇ ಇವಳು ಬ್ರೇಕನ್ನು ಒಮ್ಮೆ ಮುಟ್ಟಿದಳು. ಪೆಟ್ಟಿಗೆ ತಾನಾಗಿ ಒಂದು ಗೇರು ಇಳಿಯಿತು. ಎಂಜಿನ್ನು ಗುಡುಗಿತು, ಮುಳ್ಳು ಹಿಂದೆ ಬಂತು. ಮತ್ತೆ ಮುಟ್ಟಿದಳು, ಇನ್ನೊಂದು ಇಳಿಯಿತು. ಅಲ್ಲಿಂದ ತಪ್ಪಲಿನವರೆಗೆ ಅದೇ ಗೇರು, ಅದೇ ವೇಗ. ಹತ್ತಿದ ಗೇರಲ್ಲೇ ಇಳೀಬೇಕು ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ. ವಿದ್ಯೆ ಎಲ್ಲೂ ಹೋಗಿಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ದೊಡ್ಡಪ್ಪ ಆ ಮಾತನ್ನು ನನಗೆ ಹೇಳಿಕೊಡುವ ಮುಂಚೆ ಎಷ್ಟು ಬೈದಿದ್ದರು. ಇದು ಬೈಸಿಕೊಳ್ಳದೆ ಕಲಿತುಬಿಟ್ಟಿದೆ.

ತಪ್ಪಲಿನ ಸಿಲ್ವರ್‌ಥಾರ್ನ್ ಊರಿನಲ್ಲಿ ಕಾಫಿಗೆ ನಿಂತಾಗ ಇವಳು ತೀರ್ಪು ಕೊಟ್ಟಳು. “ಆಟೊಮ್ಯಾಟಿಕ್ಕೇ ಇರಲಿ ರೀ.”

“ಅಲ್ಲಾ, ನನಗಿಂತ ಚೆನ್ನಾಗಿ ಗೇರು ಹಾಕೋಳು ನೀನು!”

“ಅದಕ್ಕೇ ಹೇಳ್ತಿರೋದು. ನಾನು ಓಡಿಸುವಾಗ ಯಾವುದಾದರೂ ನಡೆಯುತ್ತೆ. ನೀವು ಘಾಟಿ ಇಳಿಯುವಾಗ ಫೋರ್ಡು, ಕಿರ್ಲೋಸ್ಕರು ಅಂತ ಕಥೆ ಹೇಳ್ತಿರ್ತೀರಿ. ನೀವು ಗೇರು ಮರೆತರೂ ಗಾಡಿ ಮರೀಬಾರದು.”

ಗೆಳೆಯರು ಕಾಫಿ ಲೋಟದೊಳಗೆ ನಕ್ಕರು. ರೈತನಿಗೆ ಫೋನ್ ಮಾಡಿ ಕ್ಷಮೆ ಕೇಳೋಣ ಎಂದರೆ, ಅವನ ಗಾಡಿ ಆಗಲೇ ಕೇಳಿದ ಬೆಲೆಗೇ ಹೋಗಿಯಾಗಿತ್ತು; ಕೈಗೇರಿನ ರ‍್ಯಾಮ್‌ಗಾಗಿ ಕಾದು ಕೂತವರು ನಾನೊಬ್ಬನೇ ಅಲ್ಲವಂತೆ. ಈಗ ನಮ್ಮಲ್ಲಿ ನಡೆಯುತ್ತಿರುವುದು ಹಿಂದಿನ ಆಕ್ಸಲ್‌ಗೆ ಎರಡು ಚಕ್ರವೋ ನಾಲ್ಕೋ ಎಂಬ ಜಗಳ. ಅಡ್ಡಗಾಳಿಗೆ ಟ್ರೇಲರ್ ತೂಗಾಡದಿರಲು ನಾಲ್ಕೇ ಬೇಕು ಎಂದು ನಾನು. ನಾಲ್ಕು ಚಕ್ರದ್ದಾದರೆ ಗಾಡಿಯ ಅಗಲ ಎಂಟು ಅಡಿ, ನಮ್ಮ ಗರಾಜಿನ ಬಾಗಿಲೂ ಎಂಟೇ ಅಡಿ ಎಂದು ಟೇಪು ಹಿಡಿದುಕೊಂಡು ಅವಳು.